ಕ್ಯಾಮೆರಾ ಮತ್ತು ಹಕ್ಕಿಯ ನಡುವಿನ ದೂರ

ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಕರ್ನಾಟಕದ ಕೆರೆಗಳಿಗೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ, ಮೈಸೂರು ಜಿಲ್ಲೆಯ ಹದಿನಾರು ಕೆರೆ ಇವುಗಳಿಗೆ ಹೆಸರಾದ ತಾಣಗಳು. ಹೀಗೆ ಬಂದ ಹಕ್ಕಿಗಳ ಪೈಕಿ ಕೆಲವುಗಳ ಕೊರಳಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿ ಕಂಡದ್ದುಂಟು. ದೂರದ ಮಂಗೋಲಿಯದಲ್ಲಿ ಸಂಶೋಧಕರು ತೊಡಿಸಿದ ಪಟ್ಟಿ ಅದು. ಪಟ್ಟಿಯ ಮೇಲೆ ಒಂದು ಅಕ್ಷರ, ಕೆಲವು ಅಂಕಿಗಳು. ಅದನ್ನು ಓದಬಲ್ಲ ಒಂದು ಚಿತ್ರ ಸಿಕ್ಕರೆ, ಆ ಹಕ್ಕಿ ಎಲ್ಲಿಂದ ಹೊರಟಿತ್ತು, ಯಾವಾಗ ಹೊರಟಿತ್ತು ಎಂಬುದು ತಿಳಿಯುತ್ತದೆ. ಹವ್ಯಾಸಿ ಛಾಯಾಗ್ರಾಹಕನೊಬ್ಬ ವಿಜ್ಞಾನಕ್ಕೆ ಕೊಡಬಹುದಾದ ನೇರ ಕೊಡುಗೆ ಇದು.

ಆದರೆ ಹೆಬ್ಬಾತುಗಳು ನೀರಿನ ನಡುವೆ, ದಡದಿಂದ ಬಹುದೂರದಲ್ಲಿ ಇರುತ್ತವೆ. ನಮ್ಮ ಛಾಯಾಗ್ರಾಹಕನ ಬಳಿ ಇರುವುದು ಸಾಧಾರಣ ಡಿಜಿಟಲ್ ಕ್ಯಾಮೆರಾ, 400 ಮಿ.ಮೀ. ಸಂಗಮದೂರದ ಒಂದು ಲೆನ್ಸ್. ಹಕ್ಕಿ 200 ಮೀಟರ್ ದೂರದಲ್ಲಿದೆ. ಪಟ್ಟಿಯ ಮೇಲಿನ ಅಂಕಿಗಳ ಗೆರೆ 4 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳೋಣ. ಅಂಕಿಯನ್ನು ಓದಲು ಸಾಧ್ಯವೇ? ಸಾಧ್ಯವಿಲ್ಲವಾದರೆ ಅವನು ಇನ್ನಷ್ಟು ಹತ್ತಿರ ಹೋಗಬೇಕೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ, ಪದವಿಪೂರ್ವ ತರಗತಿಯ ದ್ಯುತಿವಿಜ್ಞಾನದ ಹೆಚ್ಚಿನ ಪಾಠಗಳು ಕೆರೆಯ ದಂಡೆಯಲ್ಲೇ ಎದುರಾಗುತ್ತವೆ.

ಬಿಂಬ ಎಷ್ಟು ದೊಡ್ಡದು?

ವಸ್ತು ಬಹಳ ದೂರದಲ್ಲಿರುವಾಗ ಪೀನ ಮಸೂರ ಉಂಟುಮಾಡುವ ಬಿಂಬದ ಗಾತ್ರವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ವಸ್ತುವಿನ ಗಾತ್ರವನ್ನು ಸಂಗಮದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿದರಾಯಿತು. ಹೆಬ್ಬಾತಿನ ಉದ್ದ ಸುಮಾರು 75 ಸೆಂ.ಮೀ. ಅಂದರೆ ಬಿಂಬದ ಉದ್ದ 0.75 × 0.4 ÷ 200 ಮೀಟರ್; ಇದು 1.5 ಮಿ.ಮೀ. ಅಕ್ಕಿಕಾಳಿನ ದಪ್ಪದಷ್ಟೇ!

ಈ ಬಿಂಬ ಬೀಳುವುದು ಕ್ಯಾಮೆರಾದೊಳಗಿನ ಸಂವೇದಕದ ಮೇಲೆ. ಸಾಮಾನ್ಯ ಕ್ಯಾಮೆರಾದಲ್ಲಿ ಸಂವೇದಕದ ಅಗಲ ಸುಮಾರು 24 ಮಿ.ಮೀ.; ಆ ಅಗಲದಲ್ಲಿ 6,000 ಪಿಕ್ಸೆಲ್‌ಗಳು ಸಾಲಾಗಿ ಕುಳಿತಿರುತ್ತವೆ. ಹಾಗಾಗಿ ಒಂದೊಂದು ಪಿಕ್ಸೆಲ್‌ನ ಅಗಲ 4 ಮೈಕ್ರೊಮೀಟರ್. ಇಡೀ ಹಕ್ಕಿಗೆ ದಕ್ಕಿದ್ದು ಸುಮಾರು 375 ಪಿಕ್ಸೆಲ್. ಅಂಕಿಯ 4 ಮಿ.ಮೀ. ಗೆರೆಗೆ ದಕ್ಕಿದ್ದು 8 ಮೈಕ್ರೊಮೀಟರ್, ಅಂದರೆ ಕೇವಲ ಎರಡು ಪಿಕ್ಸೆಲ್. ಒಂದು ಗೆರೆಯನ್ನೂ ಪಕ್ಕದ ಖಾಲಿ ಜಾಗವನ್ನೂ ಬೇರ್ಪಡಿಸಿ ತೋರಿಸಲು ಇದು ಹೇಗೋ ಸಾಕಾಗಬಹುದು. ಎಲ್ಲವೂ ಸರಿಯಾಗಿದ್ದರೆ ಅಂಕಿಯನ್ನು ಓದಬಹುದು. ಒಂದು ಅಂಶ ಕೆಟ್ಟರೂ ಓದಲಾಗದು.

ಕ್ಯಾಮೆರಾದ 'ಡಿಜಿಟಲ್ ಝೂಮ್' ಇಲ್ಲಿ ಉಪಯೋಗಕ್ಕೆ ಬಾರದು. ಅದು ಇರುವ ಪಿಕ್ಸೆಲ್‌ಗಳನ್ನೇ ಹಿಗ್ಗಿಸಿ ತೋರಿಸುತ್ತದೆ. ಹೊಸ ವಿವರವನ್ನು ಸೇರಿಸುವುದಿಲ್ಲ.

ವಿವರ್ತನೆ ಹಾಕುವ ಗಡಿ

ಪಿಕ್ಸೆಲ್‌ಗಳನ್ನು ಇನ್ನೂ ಚಿಕ್ಕದು ಮಾಡುತ್ತ ಹೋದರೆ ವಿವರ ಹೆಚ್ಚುತ್ತಲೇ ಹೋಗುವುದೇ? ಇಲ್ಲ. ಬೆಳಕು ತರಂಗವಾದ್ದರಿಂದ, ಲೆನ್ಸಿನ ದುಂಡು ರಂಧ್ರದ ಮೂಲಕ ಹಾದು ಬರುವಾಗ ವಿವರ್ತನೆಗೆ ಒಳಗಾಗುತ್ತದೆ. ಒಂದು ಬಿಂದುವಿನ ಬಿಂಬ ಬಿಂದುವಾಗಿ ಉಳಿಯದೆ ಪುಟ್ಟ ಬಿಲ್ಲೆಯಾಗುತ್ತದೆ. ಎರಡು ಬಿಂದುಗಳು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವೆ ಇರಬೇಕಾದ ಕನಿಷ್ಠ ಕೋನವನ್ನು ರೇಲಿ ಮಾನದಂಡ ಹೇಳುತ್ತದೆ: ಬೆಳಕಿನ ತರಂಗದೂರದ 1.22 ಪಟ್ಟನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಆ ಕೋನ ರೇಡಿಯನ್‌ಗಳಲ್ಲಿ ದೊರಕುತ್ತದೆ.

ನಮ್ಮ ಲೆನ್ಸಿನ ಮೇಲೆ 'ಎಫ್ 5.6' ಎಂದು ಬರೆದಿದೆ. ಸಂಗಮದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ರಂಧ್ರದ ವ್ಯಾಸ. 400 ÷ 5.6, ಅಂದರೆ ಸುಮಾರು 71 ಮಿ.ಮೀ. ಹಸಿರು ಬೆಳಕಿನ ತರಂಗದೂರ 550 ನ್ಯಾನೊಮೀಟರ್ ಎಂದು ತೆಗೆದುಕೊಂಡರೆ ಕನಿಷ್ಠ ಕೋನ ಒಂದು ರೇಡಿಯನ್ನಿನ ಹತ್ತು ಲಕ್ಷದಲ್ಲಿ 9.4 ಭಾಗ. 200 ಮೀಟರ್ ದೂರದಲ್ಲಿ ಇದು 1.9 ಮಿ.ಮೀ.ಗೆ ಸಮ. ಗೆರೆಯ ದಪ್ಪ 4 ಮಿ.ಮೀ. ಆದ್ದರಿಂದ ವಿವರ್ತನೆಯ ಕಡೆಯಿಂದ ಅಡ್ಡಿಯಿಲ್ಲ.

ಆದರೆ ಇಲ್ಲಿ ಒಂದು ಎಡವಟ್ಟು ಆಗುವ ಸಂಭವ ಉಂಟು. 'ರಂಧ್ರ ಕಿರಿದಾದಷ್ಟೂ ಚಿತ್ರ ಚೂಪು' ಎಂಬ ಮಾತು ಹೊಸಬರ ಕಿವಿಗೆ ಬಿದ್ದಿರುತ್ತದೆ. ಮುಂದಿನ ಹುಲ್ಲೂ ಹಿಂದಿನ ಗುಡ್ಡವೂ ಒಟ್ಟಿಗೆ ಸ್ಪಷ್ಟವಾಗಿ ಕಾಣಬೇಕಾದಾಗ ಆ ಮಾತು ಸರಿ. ಅದನ್ನು ನಂಬಿ ಇಲ್ಲಿ ರಂಧ್ರವನ್ನು ಎಫ್ 16ಕ್ಕೆ ಇಳಿಸಿದರೆ ವ್ಯಾಸ 25 ಮಿ.ಮೀ. ಆಗುತ್ತದೆ. 200 ಮೀಟರಿನಲ್ಲಿ ಬೇರ್ಪಡಿಸಬಲ್ಲ ಕನಿಷ್ಠ ಅಂತರ 5.4 ಮಿ.ಮೀ.ಗೆ ಏರುತ್ತದೆ. 4 ಮಿ.ಮೀ. ಗೆರೆಗಳು ಒಂದರೊಳಗೊಂದು ಕರಗಿ ಅಂಕಿ ಅಳಿಸಿಹೋಗುತ್ತದೆ. ಮೊಬೈಲ್ ಫೋನಿನ ಕ್ಯಾಮೆರಾದಲ್ಲಿ ರಂಧ್ರದ ವ್ಯಾಸ ಕೆಲವೇ ಮಿಲಿಮೀಟರ್. 4 ಮಿ.ಮೀ. ಎಂದಿಟ್ಟುಕೊಂಡರೂ 200 ಮೀಟರ್ ದೂರದಲ್ಲಿ 3 ಸೆಂ.ಮೀ.ಗಿಂತ ಚಿಕ್ಕದಾದ ಯಾವ ವಿವರವೂ ಅದಕ್ಕೆ ಸಿಗದು. ಪಿಕ್ಸೆಲ್‌ಗಳ ಸಂಖ್ಯೆ ಎಷ್ಟೇ ಇರಲಿ, ಈ ಗಡಿ ಅಲ್ಲಾಡುವುದಿಲ್ಲ.

ವ್ಯಾಸ ಮತ್ತು ದೂರಗಳ ಅನುಪಾತ

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನಮಗೆ ಸಿಗುವ ಅತಿ ಚಿಕ್ಕ ವಿವರವನ್ನು ನಿರ್ಧರಿಸುವುದು ರಂಧ್ರದ ವ್ಯಾಸ ಮಾತ್ರವಲ್ಲ, ದೂರ ಮಾತ್ರವೂ ಅಲ್ಲ, ಅವುಗಳ ಅನುಪಾತ. ವ್ಯಾಸವನ್ನು ಇಮ್ಮಡಿಗೊಳಿಸುವುದೂ ಒಂದೇ, ದೂರವನ್ನು ಅರ್ಧಕ್ಕೆ ಇಳಿಸುವುದೂ ಒಂದೇ.

ಬೆಳಕಿನ ವಿಷಯದಲ್ಲೂ ಇದೇ ಅನುಪಾತ ಕೆಲಸ ಮಾಡುತ್ತದೆ. ಹಕ್ಕಿಯ ಮೈಯಿಂದ ಚದುರಿದ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಅದರಲ್ಲಿ ನಮ್ಮ ಲೆನ್ಸು ಹಿಡಿಯುವ ಪಾಲು ವ್ಯಾಸ ಮತ್ತು ದೂರಗಳ ಅನುಪಾತದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅರ್ಧ ದೂರಕ್ಕೆ ಹೋದರೆ ಹಕ್ಕಿಯಿಂದ ಬರುವ ಒಟ್ಟು ಬೆಳಕು ನಾಲ್ಕು ಪಟ್ಟಾಗುತ್ತದೆ. ಬಿಂಬದ ವಿಸ್ತೀರ್ಣವೂ ನಾಲ್ಕು ಪಟ್ಟಾಗುವುದರಿಂದ ಚಿತ್ರದ ಹೊಳಪು ಮಾತ್ರ ಬದಲಾಗುವುದಿಲ್ಲ. ವಿದ್ಯಾರ್ಥಿಗಳು ಈ ಎರಡನ್ನು ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಹೊಳಪು ಎಫ್ ಸಂಖ್ಯೆಯನ್ನು ಅವಲಂಬಿಸಿದೆ. ಹಕ್ಕಿಯ ಬಗ್ಗೆ ದೊರೆಯುವ ಒಟ್ಟು ಮಾಹಿತಿ ಈ ಅನುಪಾತವನ್ನು ಅವಲಂಬಿಸಿದೆ.

ಹಾಗಾದರೆ ಚಿತ್ರ ಸುಧಾರಿಸಲು ಎರಡು ದಾರಿ. ಒಂದು, ವ್ಯಾಸ ಹೆಚ್ಚಿಸುವುದು. 600 ಮಿ.ಮೀ., ಎಫ್ 4 ಲೆನ್ಸಿನ ವ್ಯಾಸ 150 ಮಿ.ಮೀ.; ನಮ್ಮ ಲೆನ್ಸಿಗಿಂತ ಇಮ್ಮಡಿ. ಅದರ ತೂಕ ಸುಮಾರು 3 ಕೆ.ಜಿ., ಬೆಲೆ ಹತ್ತು ಲಕ್ಷ ರೂಪಾಯಿಯ ಆಸುಪಾಸು. ಇನ್ನೊಂದು, 100 ಮೀಟರ್ ಮುಂದಕ್ಕೆ ನಡೆಯುವುದು. ಇದಕ್ಕೆ ಖರ್ಚೇನೂ ಇಲ್ಲ ಎಂದು ತೋರುತ್ತದೆ. ಖರ್ಚು ಇದೆ, ಆದರೆ ಅದನ್ನು ಭರಿಸುವುದು ಹಕ್ಕಿ. ಆ ಮಾತಿಗೆ ಬರುವ ಮೊದಲು, ನಿಂತಲ್ಲೇ ನಿಂತು ಏನೇನು ಮಾಡಬಹುದು ಎಂಬುದನ್ನು ನೋಡೋಣ.

ಫೋಟಾನುಗಳ ಎಣಿಕೆ

ನೇರ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 1,00,000 ಲಕ್ಸ್. ದಟ್ಟ ಮೋಡದ ಮುಂಜಾನೆ ಅದು 1,000 ಲಕ್ಸ್‌ಗೆ ಇಳಿಯಬಹುದು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೂ ಮೇಲಿನ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ತಲಪುತ್ತದೆ.

ಬಿಸಿಲಿನಲ್ಲಿ ಐಎಸ್‌ಓ 100, ಎಫ್ 5.6 ಇಟ್ಟುಕೊಂಡರೆ ಷಟರ್ ಕಾಲ ಸುಮಾರು 1/800 ಸೆಕೆಂಡ್ ಸಾಕು. ಬೆಳಕು ನೂರನೇ ಒಂದಕ್ಕೆ ಇಳಿದಾಗ 1/8 ಸೆಕೆಂಡ್ ಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಹಕ್ಕಿ ಕತ್ತು ತಿರುಗಿಸಿರುತ್ತದೆ. ಷಟರ್ ಕಾಲವನ್ನು 1/500 ಸೆಕೆಂಡಿಗೆ ತರಬೇಕಾದರೆ ಐಎಸ್‌ಓ ಸಂಖ್ಯೆಯನ್ನು 6400ಕ್ಕೆ ಏರಿಸಬೇಕು.

ಐಎಸ್‌ಓ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ. ಬಂದಷ್ಟೇ ಬೆಳಕಿನ ಸಂಕೇತವನ್ನು ಕ್ಯಾಮೆರಾ ದೊಡ್ಡದು ಮಾಡುತ್ತದೆ, ಅಷ್ಟೆ. ಫೋಟಾನುಗಳು ಮಳೆಹನಿಗಳಂತೆ ಲೆಕ್ಕವಿಲ್ಲದ ಕ್ರಮದಲ್ಲಿ ಬಂದು ಬೀಳುತ್ತವೆ. ಒಂದು ಪಿಕ್ಸೆಲ್‌ಗೆ ಸರಾಸರಿ 6,400 ಫೋಟಾನು ಬೀಳುತ್ತಿದ್ದರೆ ಎಣಿಕೆಯಲ್ಲಿ ಅದರ ವರ್ಗಮೂಲದಷ್ಟು, ಅಂದರೆ 80ರಷ್ಟು ಏರುಪೇರು ಸಹಜ. ಇದು ಶೇ. 1.25. ಅದೇ ಪಿಕ್ಸೆಲ್‌ಗೆ 64ನೇ ಒಂದು ಪಾಲು, ಅಂದರೆ 100 ಫೋಟಾನು ಮಾತ್ರ ಬಿದ್ದರೆ ಏರುಪೇರು 10, ಇದು ಶೇ. 10. ಮಬ್ಬು ಬೆಳಕಿನ ಚಿತ್ರಗಳಲ್ಲಿ ಮರಳು ಚೆಲ್ಲಿದಂತೆ ಕಾಣುವ ಒರಟುತನಕ್ಕೆ ಇದೇ ಮುಖ್ಯ ಕಾರಣ. ಕ್ಯಾಮೆರಾದ ದೋಷಕ್ಕಿಂತ ಹೆಚ್ಚಾಗಿ ಇದು ಬೆಳಕಿನ ಸ್ವಭಾವ.

ಇದಕ್ಕೆ ಪರಿಹಾರ ಕಾಲ. ನೀರಿನಲ್ಲಿ ನಿದ್ರಿಸುತ್ತಿರುವ ಹೆಬ್ಬಾತಿಗೆ 1/500 ಸೆಕೆಂಡ್ ಬೇಕಿಲ್ಲ. ಕ್ಯಾಮೆರಾ ಗಟ್ಟಿಯಾಗಿ ನಿಂತಿದ್ದರೆ 1/60 ಸೆಕೆಂಡ್ ಸಾಕಾಗಬಹುದು. ಆಗ ಎಂಟು ಪಟ್ಟು ಫೋಟಾನು ಸಿಗುತ್ತದೆ. ಒಂದೇ ಭಂಗಿಯ 16 ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಸರಾಸರಿ ಮಾಡಿದರೆ ಏರುಪೇರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 36 ಚಿತ್ರಗಳ ಫಿಲ್ಮ್ ಸುರುಳಿಯ ಕಾಲದಲ್ಲಿ ಇದು ಕನಸು. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಅವರ ಕಪ್ಪು ಬಿಳುಪು ವನ್ಯಜೀವಿ ಚಿತ್ರಗಳು, ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಅವರು ತೆಗೆದ ಎಷ್ಟೋ ಹಕ್ಕಿಚಿತ್ರಗಳು ಒಂದೊಂದು ಚೌಕಟ್ಟಿಗೂ ಲೆಕ್ಕವಿದ್ದ ಆ ಕಾಲದಲ್ಲಿ ಮೂಡಿದವು ಎಂಬುದನ್ನು ನೆನೆಯಬೇಕು.

ಅಲುಗಾಟದ ಲೆಕ್ಕ

ನಮ್ಮ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ 1 ಕಿ.ಮೀ. ದೂರದಲ್ಲಿ 1 ಸೆಂ.ಮೀ. ಉಂಟುಮಾಡುವ ಕೋನ. ಷಟರ್ ತೆರೆದಿರುವಾಗ ಕ್ಯಾಮೆರಾ ಇಷ್ಟು ತಿರುಗಿದರೂ ಚಿತ್ರ ಕಲಸುತ್ತದೆ. ಕೈಯಲ್ಲಿ ಹಿಡಿದು ಈ ಸ್ಥಿರತೆ ಸಾಧಿಸುವುದು ಕಷ್ಟ. ಟ್ರೈಪಾಡ್ ಇಲ್ಲದಿದ್ದರೆ ಬಟ್ಟೆಯ ಚೀಲಕ್ಕೆ ರಾಗಿಯನ್ನೋ ಮರಳನ್ನೋ ತುಂಬಿ ಬಂಡೆಯ ಮೇಲಿಟ್ಟು ಅದರ ಮೇಲೆ ಲೆನ್ಸನ್ನು ಒರಗಿಸಿದರೂ ಸಾಕು.

ಹಾರುವ ಹಕ್ಕಿಯದು ಬೇರೆ ಲೆಕ್ಕ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 60 ಮೀಟರ್ ದೂರದಲ್ಲಿ ಅಡ್ಡ ಹಾರುವ ಹೆಬ್ಬಾತಿನ ಬಿಂಬ, ಸಂವೇದಕದ ಮೇಲೆ ಸೆಕೆಂಡಿಗೆ 100 ಮಿ.ಮೀ. ಓಡುತ್ತದೆ. 1/1000 ಸೆಕೆಂಡಿನಲ್ಲೂ ಅದು 0.1 ಮಿ.ಮೀ., ಅಂದರೆ 25 ಪಿಕ್ಸೆಲ್ ಸರಿದಿರುತ್ತದೆ. ಹಕ್ಕಿಯೊಂದಿಗೆ ಕ್ಯಾಮೆರಾವನ್ನೂ ಅದೇ ಕೋನವೇಗದಲ್ಲಿ ತಿರುಗಿಸುವುದೇ ಉಪಾಯ. ಆಗ ಬಿಂಬ ನಿಂತಲ್ಲೇ ನಿಲ್ಲುತ್ತದೆ. ಹಿನ್ನೆಲೆ ಮಾತ್ರ ಗೆರೆಗೆರೆಯಾಗುತ್ತದೆ. ದೂರ ಇಮ್ಮಡಿಯಾದರೆ ಬಿಂಬದ ವೇಗ ಅರ್ಧವಾಗುತ್ತದೆ ಎಂಬುದನ್ನೂ ಗಮನಿಸಿ.

ನಡುವಿನ ಗಾಳಿ

ಲೆನ್ಸು, ಸಂವೇದಕ, ಟ್ರೈಪಾಡ್ ಎಲ್ಲವೂ ಸರಿಯಿದ್ದರೂ ನಡುವೆ 200 ಮೀಟರ್ ಗಾಳಿ ಇದೆ. ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು 1.00027. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹತ್ತು ಲಕ್ಷದಲ್ಲಿ ಸುಮಾರು ಒಂದು ಭಾಗದಷ್ಟು ಇಳಿಯುತ್ತದೆ. ಇಷ್ಟು ಸಣ್ಣ ಬದಲಾವಣೆ ಏನು ಮಾಡೀತು ಎನಿಸಬಹುದು. ಬೆಳಕಿನ ಹಾದಿಗೆ ಅಡ್ಡಲಾಗಿ ಮೀಟರಿಗೆ 1 ಡಿಗ್ರಿಯಂತೆ ಉಷ್ಣತೆ ಬದಲಾಗುತ್ತಿದ್ದರೆ, 200 ಮೀಟರ್ ಸಾಗುವಷ್ಟರಲ್ಲಿ ಕಿರಣ ಹತ್ತು ಲಕ್ಷದಲ್ಲಿ 200 ರೇಡಿಯನ್ ಬಾಗಿರುತ್ತದೆ. ಇದು ವಿವರ್ತನೆಯ ಮಿತಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು!

ಬಾಗುವಿಕೆ ಎಲ್ಲೆಡೆ ಒಂದೇ ಸಮನಿದ್ದರೆ ಇಡೀ ಬಿಂಬ ಕೊಂಚ ಸರಿಯುತ್ತದೆ, ಕೆಡುವುದಿಲ್ಲ. ಆದರೆ ಕಾದ ನೆಲದಿಂದ ಏಳುವ ಬಿಸಿಗಾಳಿ ಸುಳಿಸುಳಿಯಾಗಿ ಏಳುತ್ತದೆ. ಬಿಂಬದ ಒಂದೊಂದು ಭಾಗವೂ ಒಂದೊಂದು ಕಡೆಗೆ ನಡುಗುತ್ತದೆ. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ಕುಣಿಯುವ ಝಳ ಇದೇ. ಅದು ಕಣ್ಣಿಗೆ ಕಾಣುವ ಮೊದಲೇ 400 ಮಿ.ಮೀ. ಲೆನ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಧ್ಯಾಹ್ನದ ಒಳ್ಳೆಯ ಬೆಳಕಿನಲ್ಲಿ ತೆಗೆದ ದೂರದ ಚಿತ್ರಗಳು ಮಸುಕಾಗಿ ಬಂದಾಗ ಅನೇಕರು ಲೆನ್ಸನ್ನು ದೂರುತ್ತಾರೆ. ಎಷ್ಟು ಹಣ ಸುರಿದರೂ ಝಳಕ್ಕೆ ಮದ್ದಿಲ್ಲ.

ಇಲ್ಲೂ ಪರಿಹಾರ ಕಾಲವೇ. ಸೂರ್ಯ ಹುಟ್ಟಿದ ನಂತರದ ಮೊದಲ ಒಂದು ಗಂಟೆಯಲ್ಲಿ ನೆಲ ಇನ್ನೂ ಕಾದಿರುವುದಿಲ್ಲ. ಬೆಳಕೂ ತಕ್ಕಮಟ್ಟಿಗೆ ಇರುತ್ತದೆ. ಫೋಟಾನುಗಳ ಬೇಡಿಕೆ, ಗಾಳಿಯ ಬೇಡಿಕೆ ಎರಡೂ ಒಪ್ಪುವ ಹೊತ್ತು ಅದು. ಖಗೋಳ ವೀಕ್ಷಕರ ಇನ್ನೊಂದು ಉಪಾಯವೂ ಒದಗುತ್ತದೆ. ಅವರು ಅತಿ ಕಡಿಮೆ ಷಟರ್ ಕಾಲದ ನೂರಾರು ಚಿತ್ರಗಳನ್ನು ತೆಗೆದು, ಗಾಳಿ ಕ್ಷಣಮಾತ್ರ ಶಾಂತವಾಗಿದ್ದಾಗ ಬಂದ ಕೆಲವನ್ನು ಮಾತ್ರ ಆಯ್ದುಕೊಳ್ಳುತ್ತಾರೆ.

ಹಕ್ಕಿ ತೆರುವ ಬೆಲೆ

ಈಗ 100 ಮೀಟರ್ ಮುಂದೆ ನಡೆಯುವ ಮಾತು. ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಅವರು ಪ್ರಾಣಿಗಳ 'ಪಲಾಯನ ದೂರ'ವನ್ನು ಗುರುತಿಸಿದರು. ಪ್ರತಿಯೊಂದು ಕಾಡುಪ್ರಾಣಿಯೂ ಶತ್ರು ಒಂದು ನಿರ್ದಿಷ್ಟ ದೂರಕ್ಕಿಂತ ಹತ್ತಿರ ಬಂದಾಗ ಓಡುತ್ತದೆ. ಇದು ಪ್ರಭೇದದಿಂದ ಪ್ರಭೇದಕ್ಕೆ, ಜಾಗದಿಂದ ಜಾಗಕ್ಕೆ ಬೇರೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ತಲೆಮಾರುಗಳಿಂದ ಊರವರು ತೊಂದರೆ ಕೊಡದ ಕಾರಣ ಅಲ್ಲಿ ಪಲಾಯನ ದೂರ ಕೆಲವೇ ಮೀಟರಿಗೆ ಇಳಿದಿದೆ. ಬೇಟೆಯ ಭಯವಿರುವ ಕೆರೆಯಲ್ಲಿ ಇದೇ ಹಕ್ಕಿಗಳು ಬಹುದೂರದಿಂದಲೇ ಏಳುತ್ತವೆ.

ಹಕ್ಕಿ ಹಾರುವ ಮೊದಲೇ ಎಚ್ಚರಗೊಳ್ಳುತ್ತದೆ. ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡುತ್ತದೆ. ಹಾರಲಿಲ್ಲ ಎಂದ ಮಾತ್ರಕ್ಕೆ ನೆಮ್ಮದಿಯಿಂದಿದೆ ಎಂದು ತಿಳಿಯುವಂತಿಲ್ಲ. ಅಂಟಾರ್ಕ್ಟಿಕದಲ್ಲಿ ಕಾವು ಕೂತ ಪೆಂಗ್ವಿನ್‌ಗಳ ಹೃದಯಬಡಿತವನ್ನು ಅಳೆದಾಗ, ಮನುಷ್ಯ ಹತ್ತಿರ ಬಂದಂತೆ ಅವು ಕದಲದಿದ್ದರೂ ಬಡಿತ ಏರಿದ್ದು ಕಂಡುಬಂದಿದೆ.

ಹೆಬ್ಬಾತಿನ ಮಟ್ಟಿಗೆ ಇದು ಶಕ್ತಿಯ ಪ್ರಶ್ನೆ. ರೆಕ್ಕೆ ಬಡಿದು ಹಾರಲು ವಿಶ್ರಾಂತಿಯ ಹೊತ್ತಿನ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಚಳಿಗಾಲದ ಕೊನೆಗೆ ಈ ಹಕ್ಕಿಗಳು ಮರುಪಯಣಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಡುತ್ತಿರುತ್ತವೆ. ಹಿಮಾಲಯವನ್ನು ದಾಟುವಾಗ ಇವು 7,290 ಮೀಟರ್ ಎತ್ತರ ಮುಟ್ಟಿದ್ದನ್ನು ಉಪಗ್ರಹ ಸಾಧನಗಳು ದಾಖಲಿಸಿವೆ. ಅಂಥ ಪಯಣಕ್ಕೆ ಕೂಡಿಟ್ಟ ಇಂಧನವನ್ನು ದಿನಕ್ಕೆ ನಾಲ್ಕಾರು ಬಾರಿ ಬರುವ ಛಾಯಾಗ್ರಾಹಕರು ಕರಗಿಸಿದರೆ, ನಷ್ಟ ಚಿತ್ರದಲ್ಲಿ ಕಾಣುವುದಿಲ್ಲ.

ಗೂಡಿನ ಬಳಿ ಅಪಾಯ ಇನ್ನೂ ಹೆಚ್ಚು. ತಾಯಿಹಕ್ಕಿ ಎದ್ದುಹೋದರೆ ಮೊಟ್ಟೆ, ಮರಿಗಳು ಬಿಸಿಲಿಗೆ ಬೀಳುತ್ತವೆ. ಕಾಗೆಗಳಿಗೆ ಗೂಡಿನ ಜಾಗ ತಿಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಪದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕು ಹಿಡಿದವನನ್ನೂ ಕ್ಯಾಮೆರಾ ಹಿಡಿದು ಗೂಡಿನ ಮುಂದಿನ ಕೊಂಬೆ ಕಡಿದವನನ್ನೂ ಈ ಕಾಯಿದೆ ಒಂದೇ ಪದದಡಿ ತರಬಲ್ಲುದು ಎಂಬುದು ಅನೇಕ ಹವ್ಯಾಸಿಗಳಿಗೆ ತಿಳಿದಿಲ್ಲ.

ಹತ್ತಿರ ಹೋಗದೆ ಹತ್ತಿರವಾಗುವುದು

ದೂರವನ್ನು ಕಡಿಮೆ ಮಾಡುವ ಇನ್ನೊಂದು ಬಗೆಯಿದೆ: ಹಕ್ಕಿಯೇ ನಮ್ಮತ್ತ ಬರುವಂತೆ ಕಾಯುವುದು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1900ರ ಸುಮಾರಿನಲ್ಲಿ ಎತ್ತಿನ ಚರ್ಮದಿಂದ ಪೊಳ್ಳು ಎತ್ತನ್ನು ಮಾಡಿ ಅದರೊಳಗೆ ಅವಿತು ಹಕ್ಕಿಗಳ ಚಿತ್ರ ತೆಗೆದರು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಹುಲಿ ತಾನೇ ತಂತಿಯನ್ನು ತುಳಿದು ತನ್ನ ಚಿತ್ರ ತೆಗೆದುಕೊಳ್ಳುವಂತೆ ಕ್ಯಾಮೆರಾ ಹೂಡಿದರು. ಅದೇ ತತ್ತ್ವದ ಮುಂದುವರಿದ ರೂಪವನ್ನು ಬಳಸಿ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳನ್ನು ಪಟ್ಟೆಗಳ ಮೂಲಕ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಈ ಮೂರರಲ್ಲೂ ದೂರವನ್ನು ಕಡಿಮೆ ಮಾಡಿದ್ದು ಪ್ರಾಣಿ. ಮನುಷ್ಯ ತೆತ್ತದ್ದು ಕಾಲ.

ಹವ್ಯಾಸಿಗೂ ಇದು ಸಾಧ್ಯ. ಬೆಳಕು ಹರಿಯುವ ಮೊದಲೇ ದಡದ ಪೊದೆಯ ಮರೆಯಲ್ಲಿ ಕೂತರೆ, ಹೊಲಗಳಿಂದ ಮರಳುವ ಹೆಬ್ಬಾತುಗಳು ಅವನಿರುವುದನ್ನು ಅರಿಯದೆ ತಾವೇ ಹತ್ತಿರ ಇಳಿಯಬಹುದು. ಇಳಿಯದಿದ್ದರೆ ಅಂದಿಗೆ 200 ಮೀಟರಿನ ಚಿತ್ರವೇ ಸರಿ. ಅದಕ್ಕೆ ಬದಲಾಗಿ ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವುದು, ಕಲ್ಲೆಸೆದು ಹಿಂಡನ್ನು ಎಬ್ಬಿಸುವುದು, ಕಪ್ಪೆ ಹಾವುಗಳನ್ನು ಹಿಡಿದು ಬೇಕಾದ ಭಂಗಿಯಲ್ಲಿ ಇಡುವುದು, ಇವೆಲ್ಲ ಪ್ರಾಣಿಯ ಖರ್ಚಿನಲ್ಲಿ ನಮ್ಮ ಕಾಲವನ್ನು ಉಳಿಸುವ ದಾರಿಗಳು.

ಶಾಲೆಯ ಮೈದಾನದಲ್ಲಿ

ಈ ಲೆಕ್ಕಗಳನ್ನು ಪರೀಕ್ಷಿಸಲು ಹಕ್ಕಿಯೇ ಬೇಕಿಲ್ಲ. ಬಿಳಿ ರಟ್ಟಿನ ಮೇಲೆ 4 ಮಿ.ಮೀ. ದಪ್ಪದ ಕಪ್ಪು ಗೆರೆಗಳನ್ನು 4 ಮಿ.ಮೀ. ಅಂತರದಲ್ಲಿ ಎಳೆಯಿರಿ. ಮೊದಲು ಬರಿಗಣ್ಣಿನಿಂದ ನೋಡುತ್ತ ಹಿಂದಕ್ಕೆ ಸರಿಯಿರಿ. ಕಣ್ಣಿನ ಬೇರ್ಪಡಿಸುವ ಶಕ್ತಿ ಸುಮಾರು ಒಂದು ಮಿನಿಟ್ ಕೋನ. ಆದ್ದರಿಂದ 14 ಮೀಟರಿನ ಆಸುಪಾಸಿನಲ್ಲಿ ಗೆರೆಗಳು ಬೆರೆತು ಬೂದು ಬಣ್ಣವಾಗಬೇಕು. ಕ್ಯಾಮೆರಾ ಇದ್ದರೆ ರಟ್ಟನ್ನು 50, 100, 150 ಮೀಟರುಗಳಲ್ಲಿ ನಿಲ್ಲಿಸಿ, ಬೆಳಗ್ಗೆ 7 ಗಂಟೆಗೂ ಮಧ್ಯಾಹ್ನ 1 ಗಂಟೆಗೂ ಚಿತ್ರ ತೆಗೆಯಿರಿ. ಎಫ್ ಸಂಖ್ಯೆಯನ್ನು ಬದಲಿಸಿ ಮತ್ತೆ ತೆಗೆಯಿರಿ. ವಿವರ್ತನೆ ಯಾವುದು, ಝಳ ಯಾವುದು ಎಂಬುದನ್ನು ಮಕ್ಕಳು ತಾವೇ ಬೇರ್ಪಡಿಸಿ ಹೇಳಬಲ್ಲರು. ಜೊತೆಗೆ ಮೈದಾನದ ಮೈನಾ, ಬೆಳ್ಳಕ್ಕಿಗಳ ಪಲಾಯನ ದೂರವನ್ನು ಹೆಜ್ಜೆಗಳಲ್ಲಿ ಒಂದೇ ಒಂದು ಬಾರಿ ಅಳೆದು ಬರೆದಿಟ್ಟುಕೊಳ್ಳಲಿ.

ಮೊದಲ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟ. 200 ಮೀಟರ್ ದೂರದ ಕೊರಳಪಟ್ಟಿಯನ್ನು ಸಾಧಾರಣ ಲೆನ್ಸಿನಿಂದ ಓದಬಹುದು: ರಂಧ್ರವನ್ನು ಪೂರ್ತಿ ತೆರೆದು, ಲೆನ್ಸನ್ನು ಗಟ್ಟಿಯಾಗಿ ಊರಿ, ಬೆಳಗಿನ ಮೊದಲ ಗಂಟೆಯಲ್ಲಿ, ನೂರು ಚಿತ್ರ ತೆಗೆದು, ಒಂದನ್ನು ಆಯ್ದರೆ. ಎರಡನೆಯ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಅಂಕಿ ಸಿಕ್ಕಾಗ ದಿನಾಂಕ, ಕೆರೆಯ ಹೆಸರು, ಹಿಂಡಿನ ಹಕ್ಕಿಗಳ ಸಂಖ್ಯೆಯನ್ನು ಸೇರಿಸಿ, ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯವನ್ನು ದಶಕಗಳಿಂದ ನಡೆಸುತ್ತಿರುವ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. ಗೂಡಿನ ಅಥವಾ ಅಪರೂಪದ ಪ್ರಾಣಿಯ ಚಿತ್ರವನ್ನು ಇತರರಿಗೆ ಕಳುಹಿಸುವಾಗ ಮಾತ್ರ ಕ್ಯಾಮೆರಾ ತಾನಾಗಿಯೇ ಬರೆದುಕೊಂಡ ಅಕ್ಷಾಂಶ ರೇಖಾಂಶಗಳನ್ನು ಅಳಿಸಿಬಿಡಿ. ಆ ಮಾಹಿತಿ ಕಳ್ಳಬೇಟೆಗಾರರಿಗೂ ದಾರಿ ತೋರಿಸಬಲ್ಲದು.